ಕೋಲಾರದ ಚಿನ್ನದ ಎಳೆಯೂ ಬಂಡೆಯ ಮುನಿಸೂ

ಮೈಸೂರಿಗೆ ನೆಂಟರು ಬಂದರೆ ಅವರನ್ನು ಕನ್ನಂಬಾಡಿಗೆ ಕರೆದುಕೊಂಡು ಹೋಗುವುದು ನಮ್ಮ ಊರಿನ ವಾಡಿಕೆ. ಕಟ್ಟೆಯನ್ನು ತೋರಿಸಿ, ಮಂಡ್ಯದ ಗದ್ದೆಗಳೆಲ್ಲ ಹಸುರಾದದ್ದು ಈ ನೀರಿನಿಂದ ಎಂದು ಅಭಿಮಾನದಿಂದ ಹೇಳುತ್ತೇವೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. 1911ರಲ್ಲಿ ಆ ಕಟ್ಟೆಯ ಕೆಲಸಕ್ಕೆ ಕೈಹಾಕಿದಾಗ ಸರ್ಕಾರದ ಕಣ್ಣ ಮುಂದೆ ಗದ್ದೆಗಳ ಜೊತೆಗೆ ಇನ್ನೊಂದು ಚಿತ್ರವೂ ಇತ್ತು. ಬೇಸಿಗೆಯಲ್ಲಿ ಕಾವೇರಿ ಬಡವಾದರೆ ಶಿವನಸಮುದ್ರದ ವಿದ್ಯುದಾಗಾರ ಸೊರಗುತ್ತಿತ್ತು. ಅದು ಸೊರಗಿದರೆ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಸಾಲುತ್ತಿರಲಿಲ್ಲ. ವರ್ಷವಿಡೀ ಆ ಗಣಿಗಳಿಗೆ ವಿದ್ಯುತ್ತು ಒದಗಬೇಕೆಂಬುದೂ ಕಟ್ಟೆಯ ಹುಟ್ಟಿಗೆ ಒಂದು ಕಾರಣ.

ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಮೈಸೂರಿಗಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಗೊಂಡ ಆ ವಿದ್ಯುತ್ತು 1902ರ ಜೂನ್ 30ರಂದು 92 ಮೈಲಿ, ಎಂದರೆ ಸುಮಾರು 147 ಕಿಲೋಮೀಟರು ದೂರ ತಂತಿಯ ಮೇಲೆ ಸಾಗಿ ಕೋಲಾರದ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಅದು ಲೋಕದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ. ಮೈಸೂರಿನ ಸರದಿ ಬಂದದ್ದು 1908ರಲ್ಲಿ. ಮನೆಯ ಪಕ್ಕದ ನದಿಯ ಬೆಳಕು ಮನೆಗೆ ಬರುವ ಮುನ್ನ ಆರು ವರ್ಷ ಗಣಿಗೆ ದುಡಿದಿತ್ತು.

ಅಷ್ಟು ಶಕ್ತಿ ಗಣಿಗೆ ಏಕೆ ಬೇಕಾಯಿತು? ಕಲ್ಲನ್ನೂ ಆಳುಗಳನ್ನೂ ಪಾತಾಳದಿಂದ ಮೇಲಕ್ಕೆತ್ತಲು, ಒಸರುವ ನೀರನ್ನು ಹೊರಗೆ ಚೆಲ್ಲಲು, ಗಾಳಿಯನ್ನು ಒತ್ತಿ ಕೆಳಗೆ ಕಳಿಸಲು, ಅದಿರನ್ನು ಕುಟ್ಟಿ ಪುಡಿಮಾಡಲು. ಗಣಿ ಆಳವಾದಷ್ಟೂ ಹಸಿವು ಹೆಚ್ಚು. ಅದು ಆಳವಾದದ್ದೋ ಮನುಷ್ಯರು ತಮ್ಮ ಇಚ್ಛೆಯಂತೆ ಆರಿಸಿಕೊಂಡ ದಾರಿಯಲ್ಲಲ್ಲ, ಚಿನ್ನದ ಎಳೆ ವಾಲಿದ ದಾರಿಯಲ್ಲಿ. ಎಳೆಯ ಆ ವಾಲು ಕೋಲಾರದ ಭಾಗ್ಯವನ್ನೂ ಅದರ ಸಂಕಟವನ್ನೂ ಒಟ್ಟಿಗೆ ಬರೆಯಿತು. ಭಾಗ್ಯದ ಮಾತು ಎಲ್ಲರಿಗೂ ಗೊತ್ತು. ಸಂಕಟದ ಮಾತನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಎಳೆ ಸಿಕ್ಕಿದ ಬಗೆ

ಕೋಲಾರ ಸೀಮೆಯಲ್ಲಿ ಚಿನ್ನವುಂಟೆಂಬುದು ಇಂಗ್ಲಿಷರು ಕಂಡುಹಿಡಿದ ಸಂಗತಿಯೇನಲ್ಲ. 1802ರಲ್ಲಿ ಮೈಸೂರಿನ ಎಲ್ಲೆಯನ್ನು ಅಳೆಯುತ್ತ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿಗೆ ಊರಿಗಾಂ, ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಕಲ್ಲು ಕುಟ್ಟಿ, ಮಣ್ಣು ತೊಳೆದು ಚಿನ್ನ ತೆಗೆಯುವುದು ಕಣ್ಣಿಗೆ ಬಿತ್ತು. ಹಳೆಯವರು ತೋಡಿದ ಗುಂಡಿಗಳು ಅಲ್ಲಿ ಬೇಕಾದಷ್ಟಿದ್ದವು. ಬಹುಕಾಲದ ಮೇಲೆ, 1873ರಲ್ಲಿ, ಬೆಂಗಳೂರಿನಲ್ಲಿ ನೆಲಸಿದ್ದ ಲ್ಯಾವೆಲ್ ಎಂಬ ಮಾಜಿ ಸೈನಿಕ ಗಣಿಯ ಹಕ್ಕಿಗಾಗಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. 1880ರ ವೇಳೆಗೆ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ಕೈಯಿಟ್ಟಿತು. ಮೊದಮೊದಲು ಹಣ ಮಣ್ಣುಪಾಲಾಗಿ ಪಾಲುದಾರರು ಕೈಚೆಲ್ಲುವ ಹೊತ್ತಿಗೆ, ಮೈಸೂರು ಗಣಿಯಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಎಂಬಾತ ಹಳೆಯವರ ಗುಂಡಿಗಳ ಕೆಳಗೆ ಹೊಕ್ಕು ಶ್ರೀಮಂತವಾದ ಎಳೆಯನ್ನು ಮುಟ್ಟಿದ. ಚಾಂಪಿಯನ್ ಎಳೆಯೆಂದು ಹೆಸರಾದದ್ದು ಅದೇ.

ಅದರ ರೂಪವನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಕರಿಯ ಪದರಗಲ್ಲಿನ ನಡುವೆ ಬಿಳಿಯ ಬೆಣಚುಕಲ್ಲಿನ ಒಂದು ಹಾಳೆ. ದಪ್ಪ ಸಾಮಾನ್ಯವಾಗಿ ಮೂರು ನಾಲ್ಕು ಅಡಿ. ಉದ್ದ ಉತ್ತರ ದಕ್ಷಿಣವಾಗಿ ಸುಮಾರು ಐದು ಮೈಲಿ. ಆಳ ಎಷ್ಟೆಂದರೆ, ನೂರಿಪ್ಪತ್ತು ವರ್ಷ ತೋಡಿದರೂ ತುದಿ ಕಾಣಲಿಲ್ಲ. ಈ ಹಾಳೆ ನೆಲದಲ್ಲಿ ನೆಟ್ಟಗೆ ನಿಂತದ್ದಲ್ಲ, ಮಲಗಿದ್ದೂ ಅಲ್ಲ. ಮೇಲ್ಭಾಗದಲ್ಲಿ ಸುಮಾರು 55 ಡಿಗ್ರಿಯಷ್ಟು ಪಡುವಣಕ್ಕೆ ವಾಲಿಕೊಂಡು ಇಳಿಯುತ್ತದೆ. ಕೆಳಕೆಳಗೆ ಹೋದಂತೆ ವಾಲು ಕಡಿದಾಗುತ್ತ, ಬಹಳ ಆಳದಲ್ಲಿ ಹೆಚ್ಚುಕಡಿಮೆ ಗೋಡೆಯಂತೆ ನಿಲ್ಲುತ್ತದೆ.

ಹೀಗೆ ವಾಲಿದ ಎಳೆಯನ್ನು ಕೊರೆದು ತೆಗೆದಾಗ ಉಳಿಯುವುದು ಎರಡು ಗೋಡೆಗಳ ನಡುವಣ ಇಕ್ಕಟ್ಟಾದ ಸಂದಿ. ಅದರಲ್ಲಿ ನಿಂತವನಿಗೆ ಒಂದು ಗೋಡೆ ತಲೆಯ ಮೇಲೆ ಬಾಗಿರುತ್ತದೆ. ಇನ್ನೊಂದು ಕಾಲಿನ ಕೆಳಗೆ ಜಾರಿರುತ್ತದೆ. ಮೊದಲನೆಯದನ್ನು ತೂಗುಗೋಡೆಯೆಂದೂ ಎರಡನೆಯದನ್ನು ಪಾದಗೋಡೆಯೆಂದೂ ಕರೆಯೋಣ.

ವಾಲಿನ ಲೆಕ್ಕ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಇಳಿಜಾರಿನ ಗುಣವನ್ನು ಹೊಸದಾಗಿ ಹೇಳಬೇಕಾಗಿಲ್ಲ. 2021ರ ಭಾರಿ ಮಳೆಯಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆಯ ಅಂಚು ಕುಸಿದದ್ದನ್ನೂ ನಾವು ಕಂಡಿದ್ದೇವೆ. ಇಳಿಜಾರಿನ ಮೇಲೆ ಕೂತ ಬಂಡೆಯ ತೂಕ ಎರಡು ಪಾಲಾಗುತ್ತದೆ. ಒಂದು ಪಾಲು ತನ್ನ ಕೆಳಗಿನ ನೆಲವನ್ನು ಒತ್ತುತ್ತದೆ. ಇನ್ನೊಂದು ಪಾಲು ಇಳಿಜಾರಿನ ಗುಂಟ ಜಾರಲು ಎಳೆಯುತ್ತದೆ. ಬಂಡೆಯ ತೂಕ ನೂರು ಮಣವೆಂದಿಟ್ಟುಕೊಳ್ಳಿ. ವಾಲು 30 ಡಿಗ್ರಿಯಾದರೆ ಒತ್ತುವ ಪಾಲು 87 ಮಣ, ಎಳೆಯುವ ಪಾಲು 50. ವಾಲು 55 ಡಿಗ್ರಿಯಾದರೆ ಒತ್ತುವುದು 57, ಎಳೆಯುವುದು 82. ವಾಲು 80 ಡಿಗ್ರಿಯಾದರೆ ಒತ್ತುವುದು ಬರಿಯ 17, ಎಳೆಯುವುದು 98. (ಎರಡನ್ನೂ ಕೂಡಿದರೆ ನೂರಾಗುವುದಿಲ್ಲವಲ್ಲ ಎಂದು ಓದುಗರು ಬೆರಗಾಗಬೇಕಾಗಿಲ್ಲ, ಅಡ್ಡ ನಿಂತ ಎರಡು ಬಲಗಳನ್ನು ಕೂಡುವ ರೀತಿಯೇ ಬೇರೆ.)

ಈ ಸಣ್ಣ ಲೆಕ್ಕದಿಂದ ಗಣಿಯ ಎಷ್ಟೋ ನಡೆಗಳು ತಿಳಿಯಾಗುತ್ತವೆ. ದಕ್ಷಿಣ ಆಫ್ರಿಕದ ವಿಟ್ವಾಟರ್ಸ್‌ರಾಂಡ್ ಗಣಿಗಳಲ್ಲಿ ಚಿನ್ನದ ಪದರ ಬಹುಮಟ್ಟಿಗೆ ಮಂದವಾದ ಇಳಿಜಾರಿನಲ್ಲಿ ಮಲಗಿದೆ. ಅಲ್ಲಿ ತೂಗುಗೋಡೆಯೆಂದರೆ ನಿಜವಾದ ಛಾವಣಿಯೇ. ಅದರ ಭಾರವೆಲ್ಲ ಸಂದಿಯ ಮೇಲೆ ಕೂರುತ್ತದೆ. ಒಡೆದ ಅದಿರು ತಾನಾಗಿ ಜಾರುವುದಿಲ್ಲ, ಎಳೆದು ತರಬೇಕು. ಕೋಲಾರದಲ್ಲಾದರೋ ಒಡೆದ ಅದಿರು ತನ್ನ ತೂಕದಿಂದಲೇ ಪಾದಗೋಡೆಯ ಮೇಲೆ ಉರುಳಿ ಕೆಳಗಿನ ತೊಟ್ಟಿಗೆ ಬೀಳುತ್ತಿತ್ತು. ಅಲ್ಲಿಂದ ಬಂಡಿಗೆ ತುಂಬಿಸುವುದು ಹಗುರವಾದ ಕೆಲಸ. ವಾಲು ಮಾಡಿದ ಮೊದಲ ಉಪಕಾರ ಇದು.

ಆನಿಕೆಯ ಮರಗಳ ವಿಚಾರದಲ್ಲೂ ವಾಲಿನ ಕೈವಾಡ ಉಂಟು. ಎರಡು ಗೋಡೆಗಳ ನಡುವೆ ಮರದ ಕಂಬವನ್ನು ಅಡ್ಡಲಾಗಿ ಬಿಗಿಯುತ್ತಾರಷ್ಟೆ. ಗೋಡೆಗಳಿಗೆ ಸರಿಯಾಗಿ ಲಂಬವಾಗಿ ಬಿಗಿದರೆ ತಪ್ಪು. ತೂಗುಗೋಡೆ ಒಳಕ್ಕೆ ಬಾಗುವುದರ ಜೊತೆಗೆ ಒಂದಿಷ್ಟು ಕೆಳಕ್ಕೂ ಜಾರುತ್ತದೆ. ಆಗ ಕಂಬದ ಮೇಲಿನ ತುದಿ ಕೆಳಗೆ ಎಳೆಯಲ್ಪಟ್ಟು ಕಂಬ ಸಡಿಲವಾಗಿ ಉದುರಿಹೋಗುತ್ತದೆ. ಅದಕ್ಕಾಗಿ ತೂಗುಗೋಡೆಯ ಕಡೆಯ ತುದಿಯನ್ನು ತುಸು ಮೇಲಕ್ಕೆತ್ತಿ ಕೂರಿಸುವುದು ಕಸಬುದಾರರ ಪದ್ಧತಿ. ಗೋಡೆ ಜಾರಿದಷ್ಟೂ ಕಂಬ ಬಿಗಿಯಾಗುತ್ತದೆ. ಲೆಕ್ಕದ ಪುಸ್ತಕ ತೆರೆಯದೆ, ಕೈಯ ಅನುಭವದಿಂದಲೇ ಈ ಗುಟ್ಟನ್ನು ತಿಳಿದವರು ಗಣಿಯ ಆಳುಗಳು.

ಇಷ್ಟರಿಂದ ಒಂದು ಭರವಸೆ ಹುಟ್ಟುವುದು ಸಹಜ. ಆಳಕ್ಕಿಳಿದಂತೆ ಎಳೆ ಕಡಿದಾಗುತ್ತದೆ. ಕಡಿದಾದಂತೆ ತೂಗುಗೋಡೆಯ ತೂಕ ಸಂದಿಯ ಮೇಲೆ ಬೀಳುವುದು ಕಡಿಮೆಯಾಗುತ್ತದೆ. ಹಾಗಾದರೆ ಆಳದ ಗಣಿ ಮೇಲಿನ ಗಣಿಗಿಂತ ಕ್ಷೇಮವಾಗಬೇಕಲ್ಲವೆ? ಲೆಕ್ಕ ನೆಟ್ಟಗಿದೆ. ಆದರೆ ಬಂಡೆ ಈ ಲೆಕ್ಕವನ್ನು ಒಪ್ಪಲಿಲ್ಲ.

ಗಾಳಿಯ ಮೇಲೆ ಹೊರಿಸಿದ ಅಪವಾದ

1898ರಿಂದ ಕೋಲಾರದ ಗಣಿಗಳಲ್ಲಿ ಒಂದು ವಿಚಿತ್ರವಾದ ಉಪದ್ರವ ದಾಖಲಾಗತೊಡಗಿತು. ಯಾರೂ ಮದ್ದು ಸಿಡಿಸದಿದ್ದರೂ ಫಿರಂಗಿ ಹಾರಿದಂಥ ಸದ್ದು. ಗಟ್ಟಿಯಾಗಿ ಕಾಣುತ್ತಿದ್ದ ಗೋಡೆಯಿಂದ ಬಂಡೆಯ ಚೂರುಗಳು ಗುಂಡಿನಂತೆ ಹಾರಿ ಸಂದಿಯನ್ನು ತುಂಬುವುದು. ದೀಪಗಳು ಆರುವಂತೆ ಗಾಳಿ ನುಗ್ಗುವುದು. ಆ ಗಾಳಿಯ ಹೊಡೆತವನ್ನು ನೋಡಿ ಅದಕ್ಕೆ 'ಏರ್ ಬ್ಲಾಸ್ಟ್' ಎಂದು ಹೆಸರಿಟ್ಟರು. ಹೆಸರು ಕಾರಣವನ್ನು ಮರೆಸಿತು. ಗಾಳಿ ಬರಿಯ ಫಲ, ಸಿಡಿಯುತ್ತಿದ್ದದ್ದು ಬಂಡೆ. ಇಂದು ಅದನ್ನು ಬಂಡೆ ಸಿಡಿತವೆಂದೇ ಕರೆಯುತ್ತೇವೆ.

ತೂಕವನ್ನು ಹೊರಬೇಕಾಗಿಲ್ಲದ ಗೋಡೆ ಸಿಡಿಯುವುದೇಕೆ? ಒಂದು ದಪ್ಪ ಪುಸ್ತಕವನ್ನು ತೆಗೆದುಕೊಳ್ಳಿ. ನಡುವೆ ಒಂದು ರಟ್ಟಿನ ಹಾಳೆ ಇಡಿ. ಪುಸ್ತಕವನ್ನು ಮೇಜಿನ ಮೇಲೆ ಮಲಗಿಸಿ ರಟ್ಟನ್ನು ಎಳೆದರೆ ಮೇಲಿನ ಪುಟಗಳು ತಮ್ಮ ತೂಕದಿಂದಲೇ ಕೆಳಗೆ ಕೂರುತ್ತವೆ. ಇದು ಮಲಗಿದ ಎಳೆಯ ಕಥೆ. ಈಗ ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ ರಟ್ಟನ್ನು ಎಳೆಯಿರಿ. ಪುಟಗಳು ಕೂರುವುದಿಲ್ಲ, ಸಂದಿ ಹಾಗೆಯೇ ಉಳಿಯುತ್ತದೆ. ನಮ್ಮ ಭರವಸೆಯ ಲೆಕ್ಕ ಇಷ್ಟಕ್ಕೆ ನಿಂತಿತ್ತು. ಆದರೆ ಆ ಪುಸ್ತಕ ಕಪಾಟಿನಲ್ಲಿ ಬೇರೆ ಪುಸ್ತಕಗಳ ನಡುವೆ ಬಿಗಿಯಾಗಿ ತುರುಕಿದ್ದಾಗಿದ್ದರೆ? ರಟ್ಟು ತೆಗೆದ ಕ್ಷಣವೇ ಎರಡು ಬದಿಯಿಂದಲೂ ಪುಟಗಳು ಒತ್ತಿಕೊಂಡು ಸಂದಿ ಮುಚ್ಚಿಹೋಗುತ್ತದೆ.

ಭೂಮಿಯ ಒಳಗೆ ಬಂಡೆ ಇರುವುದು ಕಪಾಟಿನ ಪುಸ್ತಕದಂತೆ. ಮೂರು ಕಿಲೋಮೀಟರು ಆಳದಲ್ಲಿ ಮೇಲಿನ ಬಂಡೆಯ ತೂಕವೇ ಪ್ರತಿ ಚದರ ಮೀಟರಿಗೆ ಎಂಟು ಸಾವಿರ ಟನ್ನಿಗೂ ಹೆಚ್ಚು. ಹಾಗೆ ಅದುಮಲ್ಪಟ್ಟ ಬಂಡೆ ಪಕ್ಕಕ್ಕೆ ಹಿಗ್ಗಲು ನೋಡುತ್ತದೆ. ಪಕ್ಕದ ಬಂಡೆ ಬಿಡುವುದಿಲ್ಲ. ಅದರ ಮೇಲೆ, ಹಳೆಯ ಖಂಡಭಾಗಗಳ ಒಳಗೆ ಯುಗಯುಗಗಳ ಭೂಚಲನೆಯಿಂದ ಬಂದ ಅಡ್ಡ ಒತ್ತಡವೂ ಸೇರಿರುತ್ತದೆ. ನೆಟ್ಟಗೆ ನಿಂತ ಎಳೆಯನ್ನು ಬಗೆದಾಗ ಈ ಅಡ್ಡ ಒತ್ತಡ ತೆರವಾದ ಸಂದಿಗೆ ನೇರ ಎದುರಾಗುತ್ತದೆ. ತೂಗುಗೋಡೆಯಷ್ಟೇ ಅಲ್ಲ, ಪಾದಗೋಡೆಯೂ ಒಳಕ್ಕೆ ಸರಿಯುತ್ತದೆ. ವಾಲು ಕಡಿದಾದಂತೆ ಬಂಡೆಯ ನಡೆ ನಿಲ್ಲಲಿಲ್ಲ, ದಿಕ್ಕು ಬದಲಾಯಿಸಿತು. ಮೇಲಿಂದ ಬರುವ ಅಪಾಯಕ್ಕೆ ಕಾದು ನಿಂತವರನ್ನು ಅಪಾಯ ಪಕ್ಕದಿಂದ ಬಂದು ಹಿಡಿಯಿತು.

ಇದರೊಡನೆ ಕೋಲಾರದ ಬಂಡೆಯ ಗುಣವೂ ಸೇರಿಕೊಂಡಿತು. ಮೆತ್ತಗಿನ ಬಂಡೆ ಒತ್ತಡಕ್ಕೆ ನಿಧಾನವಾಗಿ ಬಾಗಿ, ಬಿರಿದು, ಎಚ್ಚರಿಕೆ ಕೊಡುತ್ತದೆ. ಕೋಲಾರದ ಕರಿಗಲ್ಲು ಗಟ್ಟಿ. ಕೊನೆಯವರೆಗೂ ಸಹಿಸಿ ಒಮ್ಮೆಗೇ ಒಡೆಯುತ್ತದೆ. ಬಿಗಿದ ಬಿಲ್ಲು ಮುರಿದಂತೆ ಕೂಡಿಟ್ಟ ಶಕ್ತಿಯೆಲ್ಲ ಆ ಗಳಿಗೆಯಲ್ಲಿ ಹೊರಬೀಳುತ್ತದೆ.

ಉಳಿಸಿದ ಕಂಬಗಳೇ ಮುಳುವಾದದ್ದು

ಅಪಾಯ ಎಲ್ಲೆಡೆಯೂ ಒಂದೇ ಸಮನಾಗಿರಲಿಲ್ಲ. ಅದು ಹೆಚ್ಚಾಗಿದ್ದ ಕೆಲವು ಜಾಗಗಳನ್ನು ಎಳೆಯ ಆಕಾರವೇ ಗೊತ್ತುಮಾಡಿತ್ತು.

ಮೊದಲನೆಯದು ಬಾವಿಗಳ ಸುತ್ತ. ಆದಿಯಲ್ಲಿ ಎಳೆಯ ಗುಂಟವೇ ಓರೆಬಾವಿಗಳನ್ನು ತೋಡಿದ್ದರು. ಆಳ ಹೆಚ್ಚಿದಂತೆ ಅವು ನಿಧಾನವೆನಿಸಿ, ನೆಟ್ಟನೆಯ ಬಾವಿಗಳನ್ನು ಇಳಿಸಬೇಕಾಯಿತು. ಎಳೆ ಪಡುವಣಕ್ಕೆ ವಾಲುತ್ತದೆಯಾದ್ದರಿಂದ ಅದನ್ನು ಆಳದಲ್ಲಿ ಸಂಧಿಸಲು ಬಾವಿಯನ್ನು ಪಡುವಲಲ್ಲಿ ತೆಗೆಯಬೇಕು. 55 ಡಿಗ್ರಿ ವಾಲಿದ ಎಳೆ ಸಾವಿರ ಮೀಟರು ಇಳಿಯುವಷ್ಟರಲ್ಲಿ ಏಳುನೂರು ಮೀಟರು ಪಡುವಣಕ್ಕೆ ಸರಿದಿರುತ್ತದೆ. 80 ಡಿಗ್ರಿಯಾದರೆ ನೂರೆಪ್ಪತ್ತಾರು ಮೀಟರು ಮಾತ್ರ. ಹೀಗೆ ತೆಗೆದ ಬಾವಿ ಮೊದಲು ತೂಗುಗೋಡೆಯ ಬಂಡೆಯೊಳಗೆ ಇಳಿದು ಎಲ್ಲೋ ಒಂದೆಡೆ ಎಳೆಯನ್ನು ಹಾಯುತ್ತದೆ. ಆ ಸ್ಥಳದ ಸುತ್ತ ಅದಿರನ್ನು ತೆಗೆದರೆ ಗೋಡೆ ಸರಿದು ಬಾವಿಯೇ ಮುರಿಯಬಹುದು. ಆದ್ದರಿಂದ ಅಲ್ಲಿ ಅದಿರನ್ನು ಮುಟ್ಟದೆ ದೊಡ್ಡ ಕಂಬದಂತೆ ಉಳಿಸುವುದು ರೂಢಿ. ಸುತ್ತಲೂ ಬಗೆದಂತೆ, ಎರಡು ಗೋಡೆಗಳ ಒತ್ತಡವೆಲ್ಲ ಆ ಕಂಬದ ಮೇಲೆ ಸೇರುತ್ತ ಹೋಗುತ್ತದೆ. ರಕ್ಷಣೆಗೆಂದು ಉಳಿಸಿದ್ದೇ ಸಿಡಿಯಲು ಸಜ್ಜಾಗುತ್ತದೆ.

ಎರಡನೆಯದು ಎಳೆ ಮಡಿಸಿಕೊಂಡ ಜಾಗಗಳು. ಚಾಂಪಿಯನ್ ರೀಫ್ ಗಣಿಯ ಕೆಲವು ಭಾಗಗಳಲ್ಲಿ ಎಳೆ ಸೀರೆಯ ನೆರಿಗೆಯಂತೆ ಮಡಿಚಿಕೊಂಡಿದೆ. ಅಲ್ಲಿ ಅದಿರು ಹೆಚ್ಚು, ಲಾಭವೂ ಹೆಚ್ಚು. ಆದರೆ ವಾಲೂ ದಿಕ್ಕೂ ಕೆಲವೇ ಮಾರು ದೂರದಲ್ಲಿ ಬದಲಾಗುತ್ತವೆ. ಒಂದು ಮಡಿಕೆಯನ್ನು ತೆಗೆದಾಗ ಅದಕ್ಕೂ ಪಕ್ಕದ ಮಡಿಕೆಗೂ ನಡುವಣ ಬಂಡೆ ತೆಳ್ಳಗಿನ ಗೋಡೆಯಾಗಿ ಉಳಿದು ಎರಡು ಕಡೆಯಿಂದಲೂ ಸಂಕಟಕ್ಕೆ ಸಿಕ್ಕುತ್ತದೆ. ಎಳೆಯನ್ನು ಕತ್ತರಿಸಿ ಹಾಯುವ ಕಪ್ಪು ಬಂಡೆಯ ಅಡ್ಡಗೋಡೆಗಳೂ ಬಿರುಕುಗಳೂ ಇದ್ದರೆ ಅಪಾಯ ಇಮ್ಮಡಿ. 1962ರ ಡಿಸೆಂಬರಿನಲ್ಲಿ ಚಾಂಪಿಯನ್ ರೀಫಿನಲ್ಲಿ ನಡೆದದ್ದು ಒಂದು ಸಿಡಿತವಲ್ಲ, ಒಂದರ ಬೆನ್ನಿಗೆ ಒಂದರಂತೆ ಸಿಡಿತಗಳ ಸಾಲು. ಗಣಿಯ ವಿಶಾಲವಾದ ಭಾಗ ಅದರಲ್ಲಿ ಜಖಂಗೊಂಡಿತು.

ಇಂಥ ಸಿಡಿತಗಳು ನೆಲದ ಮೇಲಿನ ಊರಿಗೂ ಕೇಳುತ್ತಿದ್ದವು. ಪಾತ್ರೆಗಳು ಅಲುಗಿ, ಗೋಡೆ ನಡುಗಿದಾಗ ಆಳುಸಾಲಿನ ಮನೆಗಳ ಹೆಂಗಸರಿಗೆ ಬೇರೆ ಯಾರೂ ಸುದ್ದಿ ಹೇಳಬೇಕಾಗಿರಲಿಲ್ಲ. ಅಂದು ಯಾವ ಪಾಳಿ ಕೆಳಗಿದೆ ಎಂಬುದೊಂದೇ ಪ್ರಶ್ನೆ. ತಮಿಳು ಸೀಮೆಯ ಆರ್ಕಾಟಿನಿಂದ, ತೆಲುಗು ನಾಡಿನಿಂದ, ಸುತ್ತಣ ಕನ್ನಡ ಹಳ್ಳಿಗಳಿಂದ ಬಂದ ಆ ಕುಟುಂಬಗಳು ತಲೆಮಾರುಗಳ ಕಾಲ ಆ ಪ್ರಶ್ನೆಯೊಡನೆ ಬಾಳಿದವು.

ಕಲಿತ ಪಾಠ

ಗಣಿಯವರು ಸುಮ್ಮನೆ ಕೂರಲಿಲ್ಲ. 1912ರಷ್ಟು ಹಿಂದೆಯೇ ಕೋಲಾರದಲ್ಲಿ ಭೂಕಂಪ ಅಳೆಯುವ ಯಂತ್ರವನ್ನು ಇಟ್ಟು ಸಿಡಿತಗಳನ್ನು ದಾಖಲಿಸತೊಡಗಿದರು. ಮರದ ಆನಿಕೆ ಆಳದಲ್ಲಿ ಪುಡಿಯಾಗುವುದನ್ನು ಕಂಡು, ತೆರವಾದ ಸಂದಿಯಲ್ಲಿ ಗ್ರಾನೈಟ್ ಕಲ್ಲಿನ ದಪ್ಪಗೋಡೆಗಳನ್ನು ಗಾರೆಯಿಲ್ಲದೆ ಪೇರಿಸಿದರು. ನೆಲದ ಮೇಲಿನ ಕಲ್ಲನ್ನು ಕಡಿದು ಮೈಲಿಯಾಳಕ್ಕೆ ಸಾಗಿಸಿ ಗೋಡೆ ಕಟ್ಟುವುದೆಂದರೆ ಸಾಮಾನ್ಯವಾದ ಶ್ರಮವಲ್ಲ. ಮುಂದೆ ಕಾಂಕ್ರೀಟನ್ನು ತುಂಬುವ ಪದ್ಧತಿಯೂ ಬಂತು. ಇಲ್ಲೂ ವಾಲು ಸ್ವಲ್ಪ ನೆರವಾಯಿತು. ಮಲಗಿದ ಸಂದಿಗೆ ಏನನ್ನು ತುಂಬಿದರೂ ಅದು ತನ್ನ ಭಾರಕ್ಕೆ ಕುಸಿದು ಛಾವಣಿಯ ಕೆಳಗೆ ಉದ್ದಕ್ಕೂ ತೆರಪು ಉಳಿಯುತ್ತದೆ. ಕಡಿದಾದ ಸಂದಿಯಲ್ಲಿ ತುಂಬಿದ್ದು ಕುಸಿದರೂ ತೆರಪು ಮೇಲಿನ ಅಂಚಿಗಷ್ಟೇ. ಎರಡು ಗೋಡೆಗಳು ಅದನ್ನು ಹಿಡಿದೇ ಇರುತ್ತವೆ.

ಅದಿರು ತೆಗೆಯುವ ಕ್ರಮವನ್ನೂ ತಿದ್ದಿದರು. ಅಲ್ಲಲ್ಲಿ ತುಂಡುಗಳನ್ನು ಉಳಿಸದೆ, ಒಂದು ಕಡೆಯಿಂದ ಗಟ್ಟಿ ಬಂಡೆಯ ಕಡೆಗೆ ಒಂದೇ ಸಾಲಾಗಿ ಮುಂದುವರಿಯುವುದು ಮೇಲೆಂದು ತಿಳಿದುಬಂತು. 1955ರಲ್ಲಿ ಈ ಸಿಡಿತಗಳ ವಿಚಾರಕ್ಕೆಂದೇ ವಿಶೇಷ ಸಮಿತಿ ನೇಮಕವಾಯಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೂ, 1962ರಲ್ಲಿ ಕೇಂದ್ರ ಸರ್ಕಾರದ ಕೈಗೂ ಬಂದವು. 1978ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೆರವಿನಿಂದ ಸಿಡಿತದ ಜಾಗವನ್ನು ಗುರುತಿಸುವ ಮಾಪಕಗಳ ಜಾಲ ಏರ್ಪಟ್ಟಿತು. ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಕೋಲಾರದ ಗಣಿಗಳಲ್ಲಿಯೇ ಹುಟ್ಟಿದ್ದು ಆಕಸ್ಮಿಕವಲ್ಲ. ಇಂದು ದೇಶದ ಎಲ್ಲೆಲ್ಲಿಯೋ ಸುರಂಗಕ್ಕೂ ಅಣೆಕಟ್ಟಿಗೂ ಬಂಡೆಯ ನಡೆಯನ್ನು ಲೆಕ್ಕಹಾಕುವ ವಿದ್ಯೆಯ ಹಿಂದೆ ಕೋಲಾರದ ಆಳುಗಳು ತೆತ್ತ ಬೆಲೆ ಇದೆ.

ಈ ಪ್ರಯತ್ನಗಳಿಂದ ಸಿಡಿತ ತಗ್ಗಿತು, ಅಳಿಯಲಿಲ್ಲ. ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಹೋಗಿದ್ದ ಗಣಿ, ಎಂಟುನೂರು ಟನ್ನಿಗೂ ಹೆಚ್ಚು ಚಿನ್ನವನ್ನು ಕೊಟ್ಟು, 2001ರ ಫೆಬ್ರವರಿ 28ರಂದು ಮುಚ್ಚಿತು. ಪಂಪುಗಳು ನಿಂತವು, ಸಂದಿಗಳಲ್ಲಿ ನೀರು ಏರಿತು. ಒಳಗೆ ಆಳೊಬ್ಬನೂ ಇಲ್ಲದ ಮೇಲೆಯೂ ಮಾಪಕಗಳು ಬಂಡೆಯ ಸಿಡಿತಗಳನ್ನು ದಾಖಲಿಸಿವೆ. ತುಂಬಿದ ನೀರು ಹಳೆಯ ಬಿರುಕುಗಳನ್ನು ಸಡಿಲಿಸುತ್ತದೆ. ನೂರಾರು ವರ್ಷದ ಅಗೆತದಿಂದ ಕದಡಿದ ಗೋಡೆಗಳು ತಮ್ಮ ನೆಲೆಯನ್ನು ಇನ್ನೂ ಹುಡುಕುತ್ತಿವೆ.

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಗಣಿ ಇಂದಿಗೂ ನಡೆಯುತ್ತಿದೆ. ಅಲ್ಲಿಯ ಎಳೆಗಳೂ ಕಡಿದಾಗಿ ವಾಲಿದವೇ. ಆಳ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಅಲ್ಲಿ ಕೆಳಗಿಳಿಯುವ ಪಾಳಿಯವರ ಮಟ್ಟಿಗೆ ಕೋಲಾರದ ಕಥೆ ಹಳೆಯ ಚರಿತ್ರೆಯಲ್ಲ. ಮೇಲಿನ ಭಾರ ಕಡಿಮೆಯಾಯಿತೆಂದು ತೋರಿದಲ್ಲಿ ಪಕ್ಕದ ಗೋಡೆಯನ್ನು ನೋಡಬೇಕೆಂಬುದನ್ನು ಅವರು ದಿನವೂ ನೆನೆಯಬೇಕಾಗಿದೆ. ಮುಂದಿನ ಸಲ ನೆಂಟರೊಡನೆ ಕನ್ನಂಬಾಡಿಯ ಕಟ್ಟೆಯ ಮೇಲೆ ನಿಂತಾಗ, ಮಂಡ್ಯದ ಗದ್ದೆಗಳ ಮಾತಿನ ಜೊತೆಗೆ ಆ ಗೋಡೆಗಳ ನಡುವೆ ದುಡಿದವರ ಮಾತನ್ನೂ ನಾವು ಎರಡು ನಿಮಿಷ ಹೇಳಬಹುದು.